ರಾಗಿ ದಾರಿಯ ಕೆಂಪು ಮಣಿಗಳು

ನಮ್ಮ ಮ್ಯೂಸಿಯಮ್ಮಿಗೆ ಬರುವವರು ಫಲಕ ಓದುವುದಿಲ್ಲ, ಮುಟ್ಟುತ್ತಾರೆ. ಫಿರಂಗಿ ಗುಂಡು ಇಟ್ಟರೆ ಅದಕ್ಕೆ ವಿಭೂತಿ ಹಚ್ಚಿ ಕೈಮುಗಿಯುತ್ತಾರೆ. ಬೀಸುವ ಕಲ್ಲು ಇಟ್ಟರೆ ಗೂಟ ಹಿಡಿದು ಒಂದು ಸುತ್ತು ತಿರುಗಿಸಿ, ನಮ್ಮನೇದು ಇದಕ್ಕಿಂತ ಚೆನ್ನಾಗಿತ್ತು ಅಂತ ಮೂಗು ಮುರಿದು ಮುಂದೆ ಹೋಗುತ್ತಾರೆ. ‘ಮುಟ್ಟಬಾರದು’ ಅಂತ ಬರೆದ ಬೋರ್ಡನ್ನೇ ಮುಟ್ಟಿ ನೋಡಿದವರನ್ನೂ ಕಂಡಿದ್ದೇನೆ. ಮೊದಮೊದಲು ಎಲ್ಲರ ಮೇಲೂ ರೇಗುತ್ತಿದ್ದೆ. ನಾನು ಮಾಗಡಿ ತಾಲ್ಲೂಕು ಕಲ್ಯದ ಕಡೆಯವಳು, ನನ್ನ ಗಂಟಲು ಒಸಿ ದೊಡ್ಡದೇ. ಆಮೇಲೆ ಅನ್ನಿಸಿತು, ಮುಟ್ಟುವ ಜನಕ್ಕೆ ಮುಟ್ಟುವಂಥದ್ದನ್ನೇ ಕೊಟ್ಟರೆ ಏನಾಗುತ್ತದೆ? ಈಗ ಬರೆಯುತ್ತಿರುವುದೆಲ್ಲ ಶುರುವಾದದ್ದು ಆ ಯೋಚನೆಯಿಂದ.

ಮ್ಯೂಸಿಯಂ ಇರುವುದು ಕನಕಪುರದ ಆಚೆ ಒಂದು ದುರ್ಗದ ಬುಡದಲ್ಲಿ. ಕಬ್ಬಾಳು ಅಂದುಕೊಳ್ಳಬೇಡಿ, ಅದು ಬೇರೆ, ಇದು ಬೇರೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಬಸ್ಸು ಹತ್ತುವವರಿದ್ದಾರೆ, ಅವರು ಬರುವುದು ನನಗೆ ಬೇಡ. ಹಳೇ ಪ್ರವಾಸಿ ಮಂದಿರವನ್ನು ಒಂದು ಸಣ್ಣ ಟ್ರಸ್ಟಿನವರು ರಿಪೇರಿ ಮಾಡಿಸಿ ಮ್ಯೂಸಿಯಂ ಮಾಡಿದ್ದಾರೆ. ಟ್ರಸ್ಟಿನ ಅಧ್ಯಕ್ಷರು ರಾಮನಗರದಲ್ಲಿರುವ ನಿವೃತ್ತ ಇತಿಹಾಸದ ಮೇಷ್ಟ್ರು. ನೋಡಿಕೊಳ್ಳುವವಳು ನಾನು. ಗುಡಿಸಿ ಒರೆಸುವುದಕ್ಕೆ ಊರಿನ ಒಬ್ಬ ಹೆಂಗಸು ಬರುತ್ತಾರೆ. ಮಾತು ಕಡಿಮೆ, ಕೈ ಚುರುಕು. ಅವರ ಗಂಡ ಕುರಿ ಸಾಕುವವರು. ಒಂದಿಷ್ಟು ರಾಗಿ ಹೊಲವೂ ಉಂಟು. ಊರಿನಲ್ಲಿ ಎಲ್ಲರೂ ಅವರನ್ನು ಯಜಮಾನರು ಅನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಪಕ್ಕದಲ್ಲೇ ಅಮ್ಮನ ಗುಡಿ. ಮಂಗಳವಾರ, ಶುಕ್ರವಾರ ಕೈಲಾಂಚದ ಕಡೆಯಿಂದ, ಮಾಗಡಿ ಕಡೆಯಿಂದ ಟೆಂಪೊಗಳಲ್ಲಿ, ಬೈಕುಗಳಲ್ಲಿ ಜನ ಬರುತ್ತಾರೆ. ದರ್ಶನ ಮುಗಿದ ಮೇಲೆ ಫ್ಯಾನಿನ ಗಾಳಿಗೂ ಕುಡಿಯುವ ನೀರಿಗೂ ನಮ್ಮ ಕಟ್ಟಡಕ್ಕೆ ನುಗ್ಗುತ್ತಾರೆ. ಹಾಗೆ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ನಿಂತವರಿಗೆ, ಅವರು ಬೇಡ ಅನ್ನುವುದರೊಳಗೆ, ಒಂದಿಷ್ಟು ಇತಿಹಾಸ ಕಿವಿಗೆ ಹಾಕಿ ಕಳಿಸುವುದು ನನ್ನ ಉದ್ಯೋಗ.

ದುರ್ಗಕ್ಕೆ ಎರಡು ದಾರಿ. ಗುಡಿಯ ಹಿಂದಿನಿಂದ ಮೆಟ್ಟಿಲುಗಳಿವೆ, ಕಂಬಿ ಹಾಕಿದ್ದಾರೆ, ಅಜ್ಜಿಯರೂ ಅರ್ಧದವರೆಗೆ ಹತ್ತುತ್ತಾರೆ. ಇನ್ನೊಂದು ಮೂಡಲ ಮಗ್ಗುಲಲ್ಲಿ. ಮೇಲಿನ ಕೋಟೆಯಲ್ಲಿ ಕಾವಲಿನವರೂ ಸೆರೆಯಾಳುಗಳೂ ಇದ್ದ ಕಾಲಕ್ಕೆ ಕೆಳಗಿನ ಊರುಗಳವರು ರಾಗಿ ಮೂಟೆ ಹೊತ್ತು ಹತ್ತುತ್ತಿದ್ದ ದಾರಿ ಅದು. ಬಂಡೆಯಲ್ಲಿ ಹೆಜ್ಜೆ ಊರುವುದಕ್ಕೆ ಕೊರೆದ ಗುಳಿಗಳು ಈಗಲೂ ಕಾಣುತ್ತವೆ. ಬಳಕೆ ತಪ್ಪಿ ಎಷ್ಟೋ ಕಾಲವಾಗಿದೆ. ಕುರಿ ಮೇಯಿಸುವವರು ಕೆಳಗಿನ ಸ್ವಲ್ಪ ದೂರ ಮಾತ್ರ ಹೋಗುತ್ತಿದ್ದರು.

ಆ ದಾರಿಯ ಸಂಗತಿ ನನಗೆ ಹೇಳಿದವರು ಯಜಮಾನರೇ. ಅವರ ತಾತನ ತಾತ ಅಲ್ಲಿ ಮೂಟೆ ಹೊತ್ತವನಂತೆ. ಹೊರುವಾಗ ಯಾರಿಗೆ ಯಾರು ಹಿಂದೆ ನಿಲ್ಲಬೇಕು, ಎಲ್ಲಿ ಮೂಟೆ ಇಳಿಸಿ ಉಸಿರು ಬಿಡಬೇಕು, ಎಲ್ಲಿ ಬಂಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆಯಬೇಕು ಅನ್ನುವುದೆಲ್ಲ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿತ್ತು. ಅದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿದೆ. ಗುಂಡಿ ಒತ್ತಿದರೆ ಯಜಮಾನರು ಮಾತಾಡುತ್ತಾರೆ. ಸಂಜೆ ಕುರಿಗಳನ್ನು ದೊಡ್ಡಿಗೆ ಕೂಡಿ, ಕಂಬಳಿ ಹೆಗಲ ಮೇಲೇ ಇಟ್ಟುಕೊಂಡು ಬಂದು, ತಾವೇ ಗುಂಡಿ ಒತ್ತಿ ತಮ್ಮ ಮಾತನ್ನು ತಾವೇ ಕೇಳಿ ತಲೆದೂಗುತ್ತಿದ್ದರು. ನಾನೂ ಅವರ ಹೆಂಡತಿಯೂ ಬಾಗಿಲ ಮರೆಯಲ್ಲಿ ನಗುತ್ತಿದ್ದೆವು.

ಮುಟ್ಟಿ ನೋಡುವ ಬೆಟ್ಟ ಮಾಡಿಸುವುದಕ್ಕೆ ನಾನು ಚನ್ನಪಟ್ಟಣಕ್ಕೆ ಹೋದೆ. ಗೊಂಬೆ ಮಾಡುವ ಹಿರಿಯ ಕುಶಲಕರ್ಮಿಯೊಬ್ಬರು ಒಪ್ಪಿಕೊಂಡರು. ಅವರು ಗೊಂಬೆಗೆ ಬಳಸುವ ಆಲೆ ಮರದ ತುಂಡುಗಳನ್ನು ಅಂಟಿಸಿ ಬೆಟ್ಟದ ಆಕಾರ ಕೆತ್ತುವುದು, ಅದಕ್ಕೆ ಬಣ್ಣ ಹಚ್ಚದೆ ಹಾಗೇ ಬಿಡುವುದು ಅಂತ ಮಾತಾಯಿತು. ದಾರಿಗೆ ಮಾತ್ರ ಬಣ್ಣ. ಅರಗು ಹತ್ತಬೇಕಾದರೆ ಮರ ಯಂತ್ರದಲ್ಲಿ ಗಿರಗಿರ ತಿರುಗಬೇಕು, ಆ ಬಿಸಿಗೆ ಅರಗಿನ ಕಡ್ಡಿ ಕರಗಿ ಮೈಗೆ ಹಿಡಿಯಬೇಕು. ಬೆಟ್ಟವನ್ನು ತಿರುಗಿಸುವುದಕ್ಕಾಗುತ್ತದೆಯೇ? ಅದಕ್ಕೆ ಅವರು ಒಂದು ದಾರಿ ಕಂಡುಹಿಡಿದರು. ಕಡಲೆಕಾಳಿನಷ್ಟು ಮಣಿಗಳನ್ನು ಕಡೆದು, ಅರಗು ಹಚ್ಚಿ, ಕೇದಗೆ ಗರಿಯಿಂದ ಉಜ್ಜಿ ಹೊಳಪು ಬರಿಸಿ, ಬೆಟ್ಟದ ಮೈಮೇಲೆ ಸಾಲಾಗಿ ತೂತು ಕೊರೆದು ಕೂರಿಸುವುದು. ಬೆರಳಾಡಿಸಿದರೆ ದಾರಿ ಕೈಗೇ ಸಿಗಬೇಕು. ಮೆಟ್ಟಿಲಿನ ದಾರಿಗೆ ಹಳದಿ ಅಂದೆ. ಹಳೇ ದಾರಿಗೆ ಕಂದು ಅಂದೆ. ಮರದ ಮೇಲೆ ಕಂದು ಎದ್ದು ಕಾಣಲ್ಲ ಅಂತ ಅವರು ಕೆಂಪು ಕಡ್ಡಿ ತೆಗೆದು ತೋರಿಸಿದರು. ಚೆನ್ನಾಗಿ ಕಂಡಿತು, ಹೂಂ ಅಂದೆ. ಅಧ್ಯಕ್ಷರೂ ಫೋಟೊ ನೋಡಿ ಭೇಷ್ ಅಂದರು.

ಕೆಂಪು ಅಂದರೆ ನಮ್ಮ ಜನಕ್ಕೆ ಏನು ಅಂತ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗುಡಿಯಲ್ಲಿ ಈಗಷ್ಟೇ ಹಣೆಗೆ ಕುಂಕುಮ ಇಟ್ಟುಕೊಂಡು ಬಂದವರ ಎದುರಿಗೆ, ಅಮ್ಮನ ಬೆಟ್ಟದ ಮೇಲೆ, ಬುಡದಿಂದ ತುದಿಯವರೆಗೆ ಕುಂಕುಮದ ಬಣ್ಣದ ಬೊಟ್ಟಿನ ಸಾಲು ಇಟ್ಟು ಕೂತಿದ್ದೆವು.

ಮರದ ಬೆಟ್ಟ ಬಂದ ಮೇಲೆ ಮ್ಯೂಸಿಯಂ ಬದಲಾಯಿತು. ಫ್ಯಾನಿನ ಕೆಳಗೆ ನಿಲ್ಲುತ್ತಿದ್ದವರು ಬೆಟ್ಟದ ಸುತ್ತ ನಿಂತರು. ಕಣ್ಣು ಕಾಣದ ಒಬ್ಬರು ಮಣಿಗಳ ಮೇಲೆ ಬೆರಳಿಟ್ಟು ತುದಿಯವರೆಗೆ ಹೋಗಿ, ಈಗ ನಾನೂ ದುರ್ಗ ಹತ್ತಿದಂಗಾಯ್ತು ಅಂದಾಗ ನನ್ನ ಕಣ್ಣು ತುಂಬಿ ಬಂತು. ರಾಗಿ ದಾರಿ, ಮೂಟೆ ಹೊರುವವರು, ಸೆರೆಮನೆ ಅಂತ ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋಗುತ್ತಿದ್ದರು. ಒಂದು ಮಾತನ್ನು ಮಾತ್ರ ನಾನು ಕೇಳಿಯೂ ಕೇಳದಂತಿದ್ದೆ. ರಾಗಿ ದಾರಿ ಅನ್ನುವ ಹೆಸರು ಹೋಗಿ ಅದು ‘ಕೆಂಪು ದಾರಿ’ ಆಗಿತ್ತು. ಮಣಿ ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ನಿಜವಾಗಿ ಆ ದಾರಿಯನ್ನು ಮೊದಲು ಹತ್ತಿದವರು ಮಾಗಡಿ ಕಡೆಯ ಒಂದು ಕುಟುಂಬ. ಹರಕೆ ಇತ್ತಂತೆ. ಮೆಟ್ಟಿಲಿನ ದಾರಿಯಲ್ಲಿ ಎಲ್ಲರೂ ಹೋಗುತ್ತಾರೆ, ಹರಕೆ ಹೊತ್ತವರಿಗೆ ಅಮ್ಮ ಬೇರೆ ದಾರಿ ಇಟ್ಟಿದ್ದಾಳೆ, ಮ್ಯೂಸಿಯಮ್ಮಿನಲ್ಲೇ ತೋರಿಸಿದ್ದಾರೆ ಅಂದರು. ಯಜಮಾನರು ಮುಂದೆ ನಿಂತು ಕರೆದುಕೊಂಡು ಹೋಗಿ, ಸುರಕ್ಷಿತವಾಗಿ ಇಳಿಸಿಕೊಂಡು ಬಂದರು. ಮುಂದಿನ ವಾರ ಇನ್ನೊಂದು ಗುಂಪು ಬಂತು. ರೆಕಾರ್ಡಿನ ದನಿಯ ಮನುಷ್ಯ ಎದುರಿಗೇ ನಿಂತಿರುವುದು ಕಂಡು ಅವರು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಜೀವಮಾನವೆಲ್ಲ ಕುರಿ ಹಿಂದೆ ಓಡಾಡಿದ ಮನುಷ್ಯ, ಉಬ್ಬಿಹೋದರು. ಹತ್ತುವಾಗ ಯಾರ ಹಿಂದೆ ಯಾರು ನಿಲ್ಲಬೇಕು ಅನ್ನುವುದನ್ನೂ ಹಳೇ ಕ್ರಮದಲ್ಲೇ ಮಾಡಿಸಿದರು. ನನಗೂ ಒಳಗೊಳಗೇ ಹೆಮ್ಮೆಯಾಯಿತು. ಪುಸ್ತಕದಲ್ಲಿ ಸತ್ತುಬಿದ್ದಿದ್ದ ಇತಿಹಾಸ ಎದ್ದು ಓಡಾಡುತ್ತಿದೆ ಅಂದುಕೊಂಡೆ. ಅಧ್ಯಕ್ಷರಿಗೆ ಫೋನು ಮಾಡಿ ಹಾಗೇ ಹೇಳಿದೆ ಕೂಡ.

ಆಷಾಢದ ಗಾಳಿ ಶುರುವಾದ ಮೇಲೆ ಮೂಡಲ ಮಗ್ಗುಲಿನಿಂದ ಆಗಾಗ ಒಂದು ಸದ್ದು ಬರತೊಡಗಿತು. ಜೋರಾದ ಸದ್ದಲ್ಲ. ಅಟ್ಟದ ಮೇಲೆ ಯಾರೋ ತೆಂಗಿನಕಾಯಿ ಉರುಳಿಸಿದ ಹಾಗೆ. ಮಧ್ಯಾಹ್ನ ದೂರದ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಸಿಡಿಸುತ್ತಾರೆ. ಕಿಟಕಿಯ ಗಾಜು ಅದುರುತ್ತದೆ, ಅದಾದ ಸ್ವಲ್ಪ ಹೊತ್ತಿಗೆ ಈ ಉರುಳುವ ಸದ್ದು. ಒಂದು ಬೆಳಗ್ಗೆ ಯಜಮಾನರ ಹೆಂಡತಿ ಕೋಣೆ ಒರೆಸುತ್ತಿದ್ದವರು ಬೆಟ್ಟದ ಮುಂದೆ ಬಟ್ಟೆ ಹಿಡಿದುಕೊಂಡು ಹಾಗೇ ನಿಂತರು. ಏನಮ್ಮಾ ಅಂದೆ.

“ಆ ಕೆಂಪು ಗೆರೆ ಅಳಿಸ್ಬುಡಿ ಕಣವ್ವ,” ಅಂದರು.

ಯಾಕೆ ಅಂತ ಕೇಳಿದ್ದಕ್ಕೆ ಹೇಳಿದರು. ಹೋದ ಶುಕ್ರವಾರ ಗುಂಪಿನ ಹಿಂದೆ ಒಬ್ಬ ಹೆಂಗಸು ಕೂತಿದ್ದ ಜಾಗಕ್ಕೆ, ಆಕೆ ಎದ್ದು ನಾಲ್ಕು ಹೆಜ್ಜೆ ಇಡುವುದರೊಳಗೆ, ಮೇಲಿನಿಂದ ಕಲ್ಲು ಬಂದು ಬಿದ್ದಿತಂತೆ. ಅದನ್ನು ಯಾರಿಗೂ ಹೇಳಬೇಡ ಅಂತ ಯಜಮಾನರು ಇವರಿಗೆ ಅಂದಿದ್ದರು. ಅಮ್ಮ ಕಾಯ್ದಳು ಅಂತ ಗುಂಪಿನವರು ಅಲ್ಲೇ ಕರ್ಪೂರ ಹಚ್ಚಿದರಂತೆ. “ನಮ್ಮನೆಯೋರಿಗೆ ನಾನು ಏನ್ ಹೇಳಿದ್ರೂ ನಾಟಲ್ಲ. ಅವ್ರ ಕಿವೀಲಿ ಈಗ ಅವ್ರ ದನಿನೇ ಕೇಳಿಸ್ತದೆ.”

ಆ ಗುಂಡಿ ಕೂರಿಸಿದವಳು ನಾನು.

ಆವತ್ತಿನಿಂದ ನಾನು ಮಾಡಿದ ಉಪಾಯಗಳು ಒಂದೂ ನೆಟ್ಟಗಾಗಲಿಲ್ಲ. ‘ಈ ದಾರಿ ಈಗ ಬಳಕೆಯಲ್ಲಿಲ್ಲ, ಅಪಾಯ’ ಅಂತ ದೊಡ್ಡಕ್ಷರದಲ್ಲಿ ಫಲಕ ಬರೆಸಿ ಮರದ ಬೆಟ್ಟದ ಪಕ್ಕ ನಿಲ್ಲಿಸಿದೆ. ಓದುವವರು ಯಾರು? ಫಲಕಕ್ಕೆ ಒರಗಿ ನಿಂತು ಮಣಿ ಮುಟ್ಟಿದರು. ಹೊರಗೆ ನಿಜದ ಬೆಟ್ಟದ ಬುಡದಲ್ಲಿ ದಾರಿಗೆ ಅಡ್ಡ ಹಗ್ಗ ಕಟ್ಟಿಸಿದೆ. ಅದಕ್ಕೆ ಅರಿಶಿನದ ಕೊಂಬು ಕಟ್ಟಿ ಹೋದರು. ಕೊನೆಗೆ ಮುಟ್ಟುವುದೇ ಬೇಡ ಅಂತ ಕನಕಪುರದಿಂದ ಗಾಜು ತರಿಸಿ ಮರದ ಬೆಟ್ಟದ ಮೇಲೆ ಪೆಟ್ಟಿಗೆ ಮುಚ್ಚಿಸಿದೆ. ಅದರಷ್ಟು ದೊಡ್ಡ ಪೆದ್ದುತನ ಇನ್ನೊಂದಿಲ್ಲ. ನಮ್ಮ ಕಡೆ ಗಾಜಿನ ಪೆಟ್ಟಿಗೆಯೊಳಗೆ ಇಡುವುದು ಏನನ್ನು? ದೇವರನ್ನು. ಮುಂದಿನ ಶುಕ್ರವಾರದ ಹೊತ್ತಿಗೆ ಪೆಟ್ಟಿಗೆ ಮೇಲೆ ಹೂವು, ಗಾಜಿನ ಸಂದಿಯಲ್ಲಿ ಊದುಕಡ್ಡಿ, ನಾಲ್ಕು ಮೂಲೆಗೂ ಕುಂಕುಮ. ನಾನು ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಒಬ್ಬ ಅಜ್ಜಿ, ಪೂಜಾರಮ್ಮನಿಗೆ ಯಾಕೋ ಕ್ವಾಪ ಜಾಸ್ತಿ ಅಂತ ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

ಯಜಮಾನರ ಹತ್ತಿರ ನೇರವಾಗಿ ಮಾತಾಡಿದೆ. ನಕ್ಕರು. ಬೆಟ್ಟ ಅಂದ ಮೇಲೆ ಕಲ್ಲು ಬೀಳದೆ ಇನ್ನೇನು ಬೀಳುತ್ತೆ ಮೇಡಮ್ಮೋರೆ, ನೀವೇ ಬಂದು ನೋಡಿ ಅಂದರು. ಸರಿ, ಹೋಗಿ ನೋಡುವುದೇ ಅಂತ ಒಂದು ಬೆಳಗ್ಗೆ ಅವರ ಹಿಂದೆ ಹೊರಟೆ. ಕುರಿಗಳೂ ಸ್ವಲ್ಪ ದೂರ ಜೊತೆಗೆ ಬಂದವು. ಅಪಾಯ ಪ್ರಾಣಿಗಳಿಗೆ ಮೊದಲೇ ಗೊತ್ತಾಗುತ್ತದೆ ಅನ್ನುತ್ತಾರಲ್ಲ, ಈ ಕುರಿಗಳಿಗೆ ಏನೂ ಗೊತ್ತಿರಲಿಲ್ಲ. ನಿಶ್ಚಿಂತೆಯಿಂದ ಹುಲ್ಲು ಕಡಿಯುತ್ತಿದ್ದವು.

ಅರ್ಧಕ್ಕಿಂತ ಮೇಲೆ, ಬಂಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆಯುವ ಜಾಗ ಬರುತ್ತದೆ. ತಲೆಯ ಮೇಲೆ ಒಂದು ಹಾಸುಬಂಡೆ ಚಪ್ಪರದಂತೆ ಚಾಚಿಕೊಂಡಿದೆ, ಮನೆಯ ಅಂಗಳದಷ್ಟು ದೊಡ್ಡದು. ಅದು ಬೆಟ್ಟಕ್ಕೆ ಅಂಟಿಕೊಂಡಿರುವ ಕಡೆ, ಕೈಗೆಟುಕುವ ಎತ್ತರದಲ್ಲಿ, ಬಿರುಕು. ಹಳೇ ಬಿರುಕು ಕಪ್ಪಗಿರುತ್ತದೆ, ಪಾಚಿ ಕಟ್ಟಿರುತ್ತದೆ. ಇದರ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಉಪ್ಪಿನ ಹಾಗೆ ಬಿಳಿ. ಕೆಳಗೆ ಗುಳಿಗಳಲ್ಲಿ ಹೊಸ ಕಲ್ಲಿನ ಪುಡಿ ಬಿದ್ದಿತ್ತು. ಬೆರಳಲ್ಲಿ ತೆಗೆದು ಯಜಮಾನರಿಗೆ ತೋರಿಸಿದೆ. ಇದು ಅವರ ತಾತನ ಕಾಲದಿಂದ ಹೀಗೇ ಇದೆ ಅಂದರು. ಇದ್ದಿರಬಹುದು ಅಂತ ನನಗೂ ಅನ್ನಿಸಿತು. ನಾನೇನು ಬಂಡೆಯ ಪಂಡಿತೆಯಲ್ಲ.

ಆದರೆ ನಮ್ಮ ಕಸುಬಿನಲ್ಲಿ ಹಳೇ ಗೋಡೆ ಬಿರುಕು ಬಿಟ್ಟಾಗ ಒಂದು ಕೆಲಸ ಮಾಡುತ್ತೇವೆ. ಬಿರುಕಿನ ಎರಡೂ ದಡಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುತ್ತೇವೆ. ಗಾಜು ಬಗ್ಗುವುದಿಲ್ಲ, ಹಿಗ್ಗುವುದಿಲ್ಲ. ಬಿರುಕು ಕೂದಲಷ್ಟು ಸರಿದರೂ ಒಡೆಯುತ್ತದೆ. ಮಾರನೆಯ ದಿನ ಆ ದೇವರ ಪೆಟ್ಟಿಗೆಯಿಂದ ಉಳಿದಿದ್ದ ಗಾಜಿನ ಚೂರನ್ನು ಪಟ್ಟಿಯಾಗಿ ಕತ್ತರಿಸಿಕೊಂಡು ಮತ್ತೆ ಹತ್ತಿದೆವು. ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿ, ಬಟ್ಟೆಯಿಂದ ಒರೆಸಿ, ಒಣಗಿಸಿ, ಎರಡೂ ತುದಿಗೆ ಅಂಟು ಹಾಕಿ ಪಟ್ಟಿ ಕೂರಿಸಿದೆ. ಚಪ್ಪರದ ಕೆಳಗಾದ್ದರಿಂದ ಮಳೆ ತಾಗುವ ಜಾಗವಲ್ಲ. ಬಿರುಕಿಲ್ಲದ ಗಟ್ಟಿ ಬಂಡೆಯ ಮೇಲೂ, ಒಂದು ಮೊಳ ಆಚೆಗೆ, ಅಂಥದ್ದೇ ಇನ್ನೊಂದು ಪಟ್ಟಿ ಹಾಕಿದೆ. ಬಿಸಿಲಿಗೋ ಅಂಟಿನ ದೋಷಕ್ಕೋ ಒಡೆಯುವುದಾದರೆ ಎರಡೂ ಒಡೆಯಬೇಕು. ಬಂಡೆಗೆ ಬ್ಯಾಂಡೇಜು ಹಾಕಿದರು ಮೇಡಮ್ಮೋರು ಅಂತ ಯಜಮಾನರು ಊರೆಲ್ಲ ಹೇಳಿ ನಗಿಸಿದರು.

ಶ್ರಾವಣ ಬಂತು. ಜಡಿಮಳೆ ಹಿಡಿದು, ಬಿಟ್ಟು, ಮತ್ತೆ ಹಿಡಿಯಿತು. ಮಳೆ ಬಿಟ್ಟ ಒಂದು ದಿನ ಹೋಗಿ ನೋಡಿದರೆ ಬಿರುಕಿನ ಮೇಲಿನ ಗಾಜು ಎರಡು ತುಂಡು. ಗಟ್ಟಿ ಬಂಡೆಯ ಮೇಲಿನದು ಇಟ್ಟ ಹಾಗೇ ಇತ್ತು. ಯಜಮಾನರು ಎರಡನ್ನೂ ನೋಡಿದರು. ಕೋತಿ ಎಳೆದಿರಬೇಕು ಅಂದರು. ಕೋತಿ ಎಳೆದಿದ್ದರೆ ಅಂಟು ಕಿತ್ತು ಬರಬೇಕಿತ್ತು, ಎರಡು ತುದಿಯೂ ಗಟ್ಟಿಯಾಗಿ ಹಿಡಿದುಕೊಂಡಿವೆಯಲ್ಲ ಅಂದೆ. ಅವರು ಮುಖ ತಿರುಗಿಸಿ ಹೊಲಗಳ ಕಡೆ ನೋಡುತ್ತಾ ನಿಂತರು. ಅದೇ ಜಾಗದಲ್ಲಿ ಹೊಸ ಪಟ್ಟಿ ಅಂಟಿಸಿ ಇಳಿದೆವು. ಇಳಿಯುವಾಗ ಅವರು ಒಂದೇ ಮಾತು ಹೇಳಿದ್ದು, ಬರುವ ಶುಕ್ರವಾರಕ್ಕೆ ಕೈಲಾಂಚದ ಕಡೆಯ ದೊಡ್ಡ ಗುಂಪಿಗೆ ಮಾತು ಕೊಟ್ಟಾಗಿದೆ ಅಂತ. ಹೆಂಗಸರು, ವಯಸ್ಸಾದವರು ಎಲ್ಲ ಬರುವವರಿದ್ದರು.

ಅಧ್ಯಕ್ಷರಿಗೆ ಫೋನು ಮಾಡಿ, ಮಣಿ ಕೀಳುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ದಾರಿ ಇದ್ದದ್ದು ನಿಜ ತಾನೆ, ಊರ ಜನ ಮೂಟೆ ಹೊತ್ತದ್ದು ನಿಜ ತಾನೆ, ನಿಜವನ್ನು ಕಿತ್ತು ಹಾಕುವುದಕ್ಕಾ ಮ್ಯೂಸಿಯಂ ಮಾಡಿದ್ದು, ಪೊಲೀಸರಿಗೆ ತಿಳಿಸಿ, ಅರಣ್ಯ ಇಲಾಖೆಗೆ ತಿಳಿಸಿ ಅಂದರು. ತಿಳಿಸಿದ್ದೆ. ಬುಡದಲ್ಲಿ ಒಂದು ಬೋರ್ಡು ನೆಟ್ಟು ಹೋಗಿದ್ದರು. ಮೇಷ್ಟ್ರ ಮಾತು ತಪ್ಪಲ್ಲ. ಬೇರೆ ದಿನವಾಗಿದ್ದರೆ ನಾನೇ ಆ ಮಾತು ಆಡುತ್ತಿದ್ದೆ. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಗಾಜಿನ ಎರಡು ತುಂಡು, ಮತ್ತು ಒರೆಸುವ ಬಟ್ಟೆ ಹಿಡಿದು ನಿಂತ ಆ ಹೆಂಗಸು.

ಗುರುವಾರ ಪೆಟ್ಟಿಗೆ ಎತ್ತಿಸಿದೆ. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿಕೊಂಡು, ಚಪ್ಪರದ ಬಂಡೆ ಇರುವ ಜಾಗದಿಂದ ತುದಿಯವರೆಗಿನ ಕೆಂಪು ಮಣಿಗಳನ್ನು ಒಂದೊಂದಾಗಿ ಕಿತ್ತೆ. ಕೆಳಗಿನವನ್ನು ಹಾಗೇ ಬಿಟ್ಟೆ. ಕಿತ್ತ ಕಡೆ ಖಾಲಿ ತೂತುಗಳು ಉಳಿದವು. ದಾರಿ ನಿಲ್ಲುವಲ್ಲಿ ಒಡೆದ ಗಾಜಿನ ಪಟ್ಟಿಯ ತುಂಡುಗಳನ್ನು ಇಟ್ಟೆ. ಒಂದು ವಸ್ತುವನ್ನು ಕೆಡದ ಹಾಗೆ ಕಾಪಾಡುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ನಾನು.

ಸಂಜೆ ಯಜಮಾನರು ಗುಂಡಿ ಒತ್ತಲು ಬಂದರು, ಬೆಟ್ಟ ನೋಡಿದರು.

“ನಮ್ಮ ತಾತನ ದಾರಿ ಕಿತ್ತಾಕ್ಬುಟ್ರಾ,” ಅಂದರು. “ಇಷ್ಟ್ ದಿನ ಯಾರೂ ಕೇಳ್ದಿದ್ದನ್ನ ನೀವೇ ಕೇಳಿ ರೆಕಾಡ್ ಮಾಡ್ಕೊಂಡ್ರಿ. ಈಗ ನೀವೇ ಕಿತ್ಕೊಂಡ್ರಿ.”

ಇದ್ದದ್ದನ್ನು ಹೇಳಿದೆ: ನಿಮ್ಮ ತಾತನ ತಾತ ಹೊತ್ತದ್ದು ರಾಗಿ ಮೂಟೆ, ಬಿದ್ದರೆ ರಾಗಿ ಚೆಲ್ಲುತ್ತಿತ್ತು, ನಾಳೆ ನಿಮ್ಮ ಹಿಂದೆ ಬರುವವರು ಮನುಷ್ಯರು. ಯಜಮಾನರು ಕಂಬಳಿ ಕೊಡವಿ ಹೊರಟುಹೋದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆಗೂ ತಿರುಗಿ ನೋಡಲಿಲ್ಲ.

ಶುಕ್ರವಾರ ಬೆಳಗ್ಗೆ ಮೋಡ ಬೆಟ್ಟದ ಅರ್ಧಕ್ಕೆ ಇಳಿದಿತ್ತು. ಎರಡು ಟೆಂಪೊ ತುಂಬ ಜನ ಬಂದರು. ಹೆಂಗಸರ ಕೈಯಲ್ಲಿ ಮಡಿಲಕ್ಕಿ, ಹೂವು, ಕರ್ಪೂರ. ಒಂದಿಬ್ಬರು ಮ್ಯೂಸಿಯಂ ಹೊಕ್ಕು ಖಾಲಿ ತೂತು ನೋಡಿ, ಯಾರೋ ಕದ್ದವರೆ ಅಂದುಕೊಂಡು ಹೋದರು. ನಾನು ಬಾಗಿಲಿಗೆ ಬೀಗ ಹಾಕಿ ಬುಡಕ್ಕೆ ಓಡಿ, ದಾರಿಗೆ ಅಡ್ಡ ನಿಂತು, ಇದ್ದ ಗಂಟಲೆಲ್ಲ ತೆಗೆದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಪಕ್ಕದಿಂದ ಸುತ್ತಿಕೊಂಡು ಮುಂದೆ ಹೋದರು. ಯಜಮಾನರು ಮುಂದೆ, ತಲೆ ಬಗ್ಗಿಸಿಕೊಂಡು. ನಾನೂ ಹೊರಟೆ. ಕೆಳಗೆ ನಿಂತು ನೋಡುವುದು ನನ್ನ ಕೈಲಾಗುತ್ತಿರಲಿಲ್ಲ. ಸ್ವಲ್ಪ ಹತ್ತಿ ತಿರುಗಿ ನೋಡಿದರೆ ಸಾಲಿನ ಕೊನೆಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಜಮಾನರ ಹೆಂಡತಿಯೂ ಬರುತ್ತಿದ್ದರು. ಗಂಡನ ಹಿಂದೆ ಅವರು ಆ ದಾರಿ ಹತ್ತಿದ್ದು ಅದೇ ಮೊದಲು.

ಬಂಡೆ ಜಾರುತ್ತಿತ್ತು. ಗುಳಿಗಳಲ್ಲಿ ನೀರು ನಿಂತಿತ್ತು. ಏದುಸಿರು ಮಾತ್ರ ಕೇಳುತ್ತಿತ್ತು. ಚಪ್ಪರದ ಬಂಡೆಯ ಹತ್ತಿರ ಬಂದಾಗ ಯಜಮಾನರು ಎಲ್ಲರನ್ನೂ ನಿಲ್ಲಿಸಿ ತಾವೊಬ್ಬರೇ ಮುಂದೆ ಹೋಗಿ ಗಾಜಿನ ಪಟ್ಟಿ ನೋಡಿದರು. ನನ್ನನ್ನು ಕರೆದರು. ಹೋಗಿ ನೋಡಿದೆ. ಗಾಜು ಒಡೆದಿರಲಿಲ್ಲ. ಇಷ್ಟು ಮಳೆ ಹೊಡೆದಿದ್ದರೂ ಅಂಟಿಸಿದ ಹಾಗೇ ಇತ್ತು.

“ಹಂಗೇ ಐತೆ,” ಅಂದರು, ಗೆದ್ದವರ ಹಾಗೆ.

ನನ್ನ ಸಾಕ್ಷಿಯೇ ನನಗೆ ತಿರುಗಿ ನಿಂತಿತ್ತು. ನನ್ನದೇ ತಪ್ಪೇನೋ, ಮೊದಲನೆಯದನ್ನು ಕೋತಿಯೇ ಒಡೆದಿತ್ತೇನೋ ಅಂತ ಒಂದು ಗಳಿಗೆ ಅನ್ನಿಸಿದ್ದೂ ನಿಜ. ಯಜಮಾನರು ಬೆನ್ನನ್ನು ಬಂಡೆಗೆ ಕೊಟ್ಟು ಮೊದಲ ಹೆಜ್ಜೆ ಇಟ್ಟರು. ಅವರ ಹಿಂದಿನವನು ತಯಾರಾಗಿ ನಿಂತ. ಹಿಂದೆ ಹೆಂಗಸರು ಸೆರಗು ಸರಿಮಾಡಿಕೊಂಡರು.

ಆಗ ಅದು ಕೇಳಿಸಿತು. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಆಗುವಷ್ಟು ಸಣ್ಣ ಸದ್ದು, ಟಿಕ್ ಅಂತ. ನಾನು ನೋಡುತ್ತಿದ್ದ ಹಾಗೇ ಗಾಜಿನ ನಡುವೆ ಒಂದು ಗೆರೆ ಬಿತ್ತು. ಯಾರೂ ಮುಟ್ಟಿರಲಿಲ್ಲ. ಕ್ವಾರಿಯವರೂ ಸಿಡಿಸಿರಲಿಲ್ಲ, ಇನ್ನೂ ಬೆಳಗ್ಗೆ. ಬಂಡೆ ತಾನಾಗಿ ಉಸಿರು ಬಿಟ್ಟಿತ್ತು.

ಹಿಂದಿನವರಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸಿದ್ದು ನಮ್ಮಿಬ್ಬರಿಗೇ. ಯಜಮಾನರು ಇಟ್ಟ ಹೆಜ್ಜೆಯಲ್ಲೇ ನಿಂತರು. ಅವರು ಗಾಜು ನೋಡಿದರು, ತಲೆಯೆತ್ತಿ ಬಂಡೆ ನೋಡಿದರು. ಆಮೇಲೆ ಅಷ್ಟೂ ಜನರ ತಲೆಗಳ ಮೇಲಿಂದ, ಸಾಲಿನ ಕೊನೆಯಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ನಿಧಾನವಾಗಿ ಕಾಲು ಹಿಂದಕ್ಕೆ ತೆಗೆದುಕೊಂಡರು.

ಮುಂದೆ ಹೋಗುವ ಹಾಗಿಲ್ಲ, ತಿರುಗಿ ಅಂದರು. ಜನ ಅಲುಗಲಿಲ್ಲ. ಇಷ್ಟು ದೂರ ಬಂದು ಹರಕೆ ಬಿಟ್ಟು ಹೋಗುವುದೇ ಅಂತ ಗೊಣಗಿದರು. ಒಬ್ಬ ಗಂಡಸು, ಏನ್ ಯಜಮಾನ್ರೆ, ಅಮ್ಮನ ಮ್ಯಾಲೆ ನಂಬಿಕೆ ಇಲ್ವಾ ಅಂತ ಚುಚ್ಚಿದ. ಕುರಿಗಳು ಪ್ರಪಾತದ ಅಂಚಿಗೆ ಹೋದಾಗ ಹಿಂದಕ್ಕೆ ತಿರುಗಿಸುವ ಒಂದು ಕೂಗಿದೆ, ಹೊಟ್ಟೆಯಿಂದ ಬರುವಂಥದ್ದು. ಯಜಮಾನರು ಆ ಕೂಗು ಕೂಗಿದರು. ಕೈಲಾಂಚದ ಕಡೆಯವರಲ್ಲೂ ಕುರಿ ಕಾಯ್ದವರಿದ್ದರು, ಅದರ ಅರ್ಥ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬರು ತಿರುಗಿದರು, ಅವರ ಹಿಂದೆ ಇನ್ನೊಬ್ಬರು. ಸಾಲು ಪೂರ್ತಿ ತಿರುಗಿತು. ಯಜಮಾನರು ಎಲ್ಲರಿಗಿಂತ ಕೊನೆಯಲ್ಲಿ ಇಳಿದರು. ಗುಡಿಯ ಹತ್ತಿರ ಬಂದ ಮೇಲೆ ಜನ ಅವರ ಕಾಲು ಮುಟ್ಟಲಿಲ್ಲ, ಮಾತೂ ಆಡಿಸಲಿಲ್ಲ, ಟೆಂಪೊ ಹತ್ತಿ ಹೋದರು.

ಬಂಡೆ ಬಿತ್ತು ಅಂತ ಬರೆದಿದ್ದರೆ ಕಥೆಗೆ ಚೆನ್ನಾಗಿರುತ್ತಿತ್ತು. ಬೀಳಲಿಲ್ಲ. ಆವತ್ತೂ ಬೀಳಲಿಲ್ಲ, ಆಮೇಲಿನ ಮಳೆಗಳಲ್ಲೂ ಬೀಳಲಿಲ್ಲ. ಇವತ್ತಿಗೂ ಅಲ್ಲೇ ಇದೆ, ನಾನು ಇದನ್ನು ಬರೆಯುತ್ತಿರುವ ಕಿಟಕಿಯಿಂದ ಕಾಣಿಸುತ್ತದೆ. ಅದೇ ನನ್ನ ಕಷ್ಟ. ಬಿದ್ದಿದ್ದರೆ ಎಲ್ಲರೂ ನಂಬುತ್ತಿದ್ದರು. ಆಗಿಹೋದದ್ದನ್ನು ಹೇಳಿದರೆ ಜನ ಕಿವಿಗೊಟ್ಟು ಕೇಳುತ್ತಾರೆ, ಆಗಬಹುದಾದ್ದನ್ನು ಹೇಳಿದರೆ, ಬಿದ್ದಿಲ್ವಲ್ಲ ಅನ್ನುತ್ತಾರೆ. ಪ್ರತಿ ಶುಕ್ರವಾರ ಹೊಸಬರು ಬರುತ್ತಾರೆ, ಪ್ರತಿ ಶುಕ್ರವಾರ ಮೊದಲಿನಿಂದ ಶುರು ಮಾಡಬೇಕು.

ಒಂದು ತಿಂಗಳು ಯಜಮಾನರು ಮ್ಯೂಸಿಯಂ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಶುಕ್ರವಾರ ತಾವಾಗಿ ಬಂದು ಬೆಟ್ಟದ ಪಕ್ಕ ನಿಂತರು. ಗುಂಡಿ ಕಿತ್ತುಬಿಡಿ, ನಾನೇ ಹೇಳುತ್ತೇನೆ ಅಂದರು. ಮತ್ತೆ ಮುಚ್ಚಿಸಿದ್ದ ಗಾಜಿನ ಪೆಟ್ಟಿಗೆಯನ್ನೂ ತೆಗೆಸಿದೆ. ಈಗ ಅವರೇ ಜನರ ಬೆರಳು ಹಿಡಿದು ಬುಡದಿಂದ ಒಂದೊಂದೇ ಮಣಿ ಮುಟ್ಟಿಸುತ್ತಾ ಹೋಗುತ್ತಾರೆ. ಇಲ್ಲಿ ಮೂಟೆ ಇಳಿಸುತ್ತಿದ್ದರು, ಇಲ್ಲಿ ನೀರು ಕುಡಿಯುತ್ತಿದ್ದರು. ಕೊನೆಯ ಮಣಿ ಬಂದಾಗ ಬೆರಳು ಒಡೆದ ಗಾಜಿಗೆ ತಾಗುತ್ತದೆ. ಆಮೇಲೆ? ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

“ಆಮ್ಯಾಕೆ ನಮ್ ತಾತನ ಕಾಲ,” ಅನ್ನುತ್ತಾರೆ ಯಜಮಾನರು. “ನಮ್ ಕಾಲ ಇಲ್ಲಿಗೆ ನಿಂತೈತೆ.”

ಕೆಲವರು ಕೇಳಿ ಮೆಟ್ಟಿಲಿನ ದಾರಿ ಹಿಡಿಯುತ್ತಾರೆ. ಎಲ್ಲರೂ ಅಲ್ಲ. ಶನಿವಾರ ಬೆಳಗ್ಗೆ ಬಾಗಿಲು ತೆಗೆದಾಗ ನಾನು ಮೊದಲು ನೋಡುವುದು ಆ ಖಾಲಿ ತೂತುಗಳನ್ನು. ಯಾವಾಗ, ಯಾರು ಮಾಡಿ ಹೋಗಿರುತ್ತಾರೋ, ಕೆಲವು ತೂತುಗಳಿಗೆ ಕುಂಕುಮ ತುಂಬಿರುತ್ತದೆ. ಕೆಲವು ವಾರ ಎರಡು ಮೂರಕ್ಕೆ ನಿಂತಿರುತ್ತದೆ, ಕೆಲವು ವಾರ ಒಡೆದ ಗಾಜನ್ನು ದಾಟಿ ತುದಿಯವರೆಗೂ ಹೋಗಿರುತ್ತದೆ. ಕಡ್ಡಿಗೆ ಹತ್ತಿ ಸುತ್ತಿಕೊಂಡು ತೆಗೆಯುತ್ತೇನೆ. ಮರ ಕುಡಿದುಬಿಟ್ಟಿದೆ, ಪೂರ್ತಿ ಹೋಗುವುದಿಲ್ಲ.

ಹೋದ ಶನಿವಾರ ನಾನು ಬರುವುದು ತಡವಾಯಿತು. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಯಜಮಾನರ ಹೆಂಡತಿ ಆಗಲೇ ಬಾಗಿಲು ತೆಗೆದು, ಪೊರಕೆ ಗೋಡೆಗೆ ಒರಗಿಸಿ, ಬೆಟ್ಟದ ಮುಂದೆ ಬಗ್ಗಿ ನಿಂತಿದ್ದರು. ನನ್ನ ಚಪ್ಪಲಿ ಸದ್ದಿಗೂ ತಿರುಗಲಿಲ್ಲ. ಸೆರಗಿನ ತುದಿಯನ್ನು ಚೂಪಾಗಿ ಹುರಿ ಮಾಡಿ, ಎಂಜಲು ತಾಗಿಸಿ, ತುದಿಯಿಂದ ಕೆಳಕ್ಕೆ ಒಂದೊಂದೇ ತೂತು ಒರೆಸಿಕೊಂಡು ಬರುತ್ತಿದ್ದರು. ಸೆರಗು ಮೊಳದುದ್ದ ಕೆಂಪಾಗಿತ್ತು. ನಾನೂ ಹತ್ತಿ ತೆಗೆದುಕೊಂಡು ಕೆಳಗಿನಿಂದ ಶುರು ಮಾಡಿದೆ. ಮೂಡಲ ಮಗ್ಗುಲಿನಿಂದ ತೆಂಗಿನಕಾಯಿ ಉರುಳಿದ ಸದ್ದು ಬಂದಾಗ ಇಬ್ಬರೂ ಕೈ ನಿಲ್ಲಿಸಿದೆವು. ಅವರು ಕಿಟಕಿಯ ಹತ್ತಿರ ಹೋಗಿ, ದೊಡ್ಡಿಯ ಪಕ್ಕ ಕಂಬಳಿ ಹೊದ್ದು ನಿಂತಿದ್ದ ಗಂಡನನ್ನು ನೋಡಿ, ವಾಪಸ್ಸು ಬಂದು, ಬಿಟ್ಟ ತೂತಿನಿಂದ ಮತ್ತೆ ಒರೆಸತೊಡಗಿದರು.